ಪ್ರಾರ್ಥನೆಗೆ ಬಾರದ ಮೊಮ್ಮಗ

ರೋಣದಿಂದ ಒಬ್ಬ ಅಜ್ಜಿ ಪತ್ರ ಬರೆದಿದ್ದಾರೆ. ಅಕ್ಷರ ನಡುಗಿವೆ, ಸಾಲು ಮಾತ್ರ ಡೊಂಕಾಗಿಲ್ಲ. ಹಳೆಯ ಕಾಲದ ಕಾಪಿ ಬರಹ. ವಿಷಯ ಇಷ್ಟು. ಎಂಟನೇ ತರಗತಿಯ ಮೊಮ್ಮಗಳು ಸಂಜೆ ದೇವರ ಮುಂದೆ ಕೂಡಲು ಒಲ್ಲೆ ಅನ್ನುತ್ತಾಳೆ. ದೀಪ ಹಚ್ಚು ಬಾ ಅಂದರೆ ಮೊಬೈಲು ಹಿಡಿದು ಮಾಳಿಗೆ ಹತ್ತುತ್ತಾಳೆ. "ನೀವು ಮಾಸ್ತರ್ ಆಗಿದ್ದವರು, ನಾಕು ಬುದ್ಧಿಮಾತು ಬರೀರಿ, ಓದಿ ತೋರಿಸ್ತೀನಿ" ಎಂದು ಕೇಳಿದ್ದಾರೆ.

ಬರೆಯೋಣವೆಂದೇ ಕೂತೆ. ಪೆನ್ನು ಓಡಲಿಲ್ಲ. ಬುದ್ಧಿಮಾತಿನ ಬದಲು ಹೋದ ವರ್ಷ ನಮ್ಮ ಮನೆಯಲ್ಲೇ ನಡೆದದ್ದನ್ನು ಬರೆಯುತ್ತೇನೆ. ಮೊಮ್ಮಗನ ಒಪ್ಪಿಗೆ ಕೇಳಿದ್ದೇನೆ. "ಬರಿ ಅಜ್ಜಾ, ಆದ್ರ ನನ್ನ ಹೆಸರು ಹಾಕಬ್ಯಾಡ" ಅಂದ. ಹಾಕಿಲ್ಲ.

ಈ ಅಂಕಣವನ್ನು ಬಿಡದೆ ಓದುವವರಿಗೆ ನಾವು ಕ್ರೈಸ್ತರೆಂಬುದು ಗೊತ್ತು. ಡಿಸೆಂಬರಿನಲ್ಲಿ ನಮ್ಮಾಕೆಯ ಕರ್ಚಿಕಾಯಿಯ ಬಗ್ಗೆ ಬರೆದು ಬೈಸಿಕೊಂಡವನು ನಾನೇ. ಗಜೇಂದ್ರಗಡದಲ್ಲಿ ನಮ್ಮ ಬಳಗದ ಮನೆಗಳು ನಾಲ್ಕು, ರೋಣದಲ್ಲಿ ಮೂರು, ನರಗುಂದದಲ್ಲಿ ಎರಡು. ಎಲ್ಲ ಕೂಡಿದರೆ ಹದಿಹರೆಯದ ಹುಡುಗ ಹುಡುಗಿಯರು ಏಳೇ ಮಂದಿ. ತಿಂಗಳ ಎರಡನೇ ಭಾನುವಾರ ರೋಣದ ಒಂದು ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ; ಗದಗಿನಿಂದ ಪಾಸ್ಟರ್ ಬರುತ್ತಾರೆ. ಉಳಿದ ದಿನ ಮನೆಯ ಪ್ರಾರ್ಥನೆಯೇ ನಮಗೆ ಚರ್ಚು. ರಾತ್ರಿ ಎಂಟಕ್ಕೆ ಒಂದು ಹಾಡು, ಬೈಬಲ್ಲಿನ ಒಂದು ಅಧ್ಯಾಯ, ಪ್ರಾರ್ಥನೆ, ಆಮೇಲೆ ಊಟ. ನನ್ನ ಅಜ್ಜನ ಕಾಲದಿಂದ ಇದು ತಪ್ಪಿಲ್ಲ. ಪಲ್ಯ ಆರಲಿ, ರೊಟ್ಟಿ ಕಟಕ್ ಆಗಲಿ, ಆಮೆನ್ ಆಗುವ ತನಕ ತಾಟು ಮುಟ್ಟುವಂತಿಲ್ಲ.

ಹುಡುಗನಿಗೆ ಆ ವರ್ಷ ಕನ್ಫರ್ಮೇಶನ್ ಆಗಬೇಕಿತ್ತು. ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮದು ಸಿ.ಎಸ್.ಐ. ಸಭೆ, ದಕ್ಷಿಣ ಭಾರತದ ಹಲವು ಪ್ರೊಟೆಸ್ಟೆಂಟ್ ಸಭೆಗಳು 1947ರ ಸೆಪ್ಟೆಂಬರಿನಲ್ಲಿ ಒಂದಾದದ್ದರಿಂದ ಹುಟ್ಟಿದ್ದು. ನಮ್ಮಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಡುವಾಗ ಕೂಸು ಏನು ಮಾತಾಡೀತು? ಅದರ ಪರವಾಗಿ ತಂದೆತಾಯಿ ಮಾತು ಕೊಡುತ್ತಾರೆ. ಅದೇ ಕೂಸು ಹದಿನಾಲ್ಕು ಹದಿನೈದರ ಹೊತ್ತಿಗೆ ಕೆಲವು ತಿಂಗಳು ಪಾಠ ಕಲಿತು, ಸಭೆಯ ಮುಂದೆ ನಿಂತು, ಬಿಷಪ್ಪರು ಕೇಳಿದ್ದಕ್ಕೆ ತಾನೇ ಬಾಯಿಬಿಟ್ಟು "ಹೌದು" ಅನ್ನಬೇಕು. ಆವತ್ತಿನಿಂದ ಪ್ರಭುಭೋಜನಕ್ಕೆ ದೊಡ್ಡವರ ಸಾಲಿನಲ್ಲಿ ನಿಲ್ಲಬಹುದು. ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಆ ಪಾಠದ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದವನು ನಾನು. ಹೌದು ಅನ್ನುವವನಿಗೆ ಅಲ್ಲ ಅನ್ನಲೂ ಬರಬೇಕು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಫೆಬ್ರುವರಿಯ ಒಂದು ರಾತ್ರಿ ಎಂಟು ಗಂಟೆ. ಎಲ್ಲರೂ ಚಾಪೆಯ ಮೇಲೆ ಕೂತಿದ್ದೇವೆ, ಹುಡುಗ ಬರಲಿಲ್ಲ. ಎರಡು ಸಲ ಕರೆದೆ. ಮೂರನೆಯ ಸಲ ಎದ್ದು ಹೋಗಿ ಅವನ ಕೈಯಿಂದ ಮೊಬೈಲು ಕಸಿದು, ತಿಜೋರಿಯಲ್ಲಿಟ್ಟು, ಕೀಲಿ ಹಾಕಿ, ಬೀಗದ ಕೈ ಜೇಬಿಗೆ ಇಳಿಬಿಟ್ಟೆ. "ನಮ್ಮ ಮನಿತನದಾಗ ನಾಕು ತಲಿಯಿಂದ ಯಾರೂ ಪ್ರಾರ್ಥನಿಗೆ ಒಲ್ಲೆ ಅಂದಿಲ್ಲ" ಎಂದು ಗದರಿದೆ.

ಹುಡುಗ ದನಿ ಏರಿಸಲಿಲ್ಲ. "ಮುತ್ತಜ್ಜ ಅಂದಿದ್ದಿಲ್ಲೇನು? ಅವರಪ್ಪಗ ಒಲ್ಲೆ ಅಂದಿದ್ದಕ್ಕ ನಾವು ಇಲ್ಲಿ ಕುಂತೇವಲ್ಲ?" ಅಂದ.

ಅವನು ಹೇಳಿದ್ದು ನನ್ನ ಮುತ್ತಜ್ಜನ ಮಾತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದರು. ಬೆಟಗೇರಿಯ ನೇಕಾರರ ಮನೆಯ ಹುಡುಗ ನನ್ನ ಮುತ್ತಜ್ಜ. ಮಿಶನ್ ಶಾಲೆಗೆ ಓದಲು ಹೋದವನು ಹದಿನೇಳನೆಯ ವಯಸ್ಸಿನಲ್ಲಿ ಕ್ರೈಸ್ತನಾಗುತ್ತೇನೆ ಎಂದ. ಅವರಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು, ಮೊದಲು ಹೊಡೆದು, ಆಮೇಲೆ ಅತ್ತನಂತೆ. ಅವತ್ತಿನಿಂದ ಅಪ್ಪ ಮಗ ಒಂದೇ ಪಂಕ್ತಿಯಲ್ಲಿ ಉಣ್ಣಲಿಲ್ಲ. ಅವ್ವ ಮಾತ್ರ ಸಂತೆಯ ದಿನ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಓಣಿಯ ಕಟ್ಟೆಯ ಮೇಲಿಟ್ಟು, ಹಿಂದಿರುಗಿ ನೋಡದೆ ಹೋಗುತ್ತಿದ್ದಳಂತೆ. ಈ ಕಥೆಯನ್ನು ಮೊಮ್ಮಗನಿಗೆ ನೂರು ಸಲ ಹೇಳಿದವನು ನಾನೇ. ಹೇಳುವಾಗಲೆಲ್ಲ ಮುತ್ತಜ್ಜನ ಧೈರ್ಯವನ್ನು ಹೊಗಳುತ್ತಿದ್ದೆ.

ಮಂಗಳೂರಿನ ಆನಂದರಾವ್ ಕೌಂಡಿನ್ಯರ ಕಥೆಯೂ ಹೀಗೆಯೇ. ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಬ್ರಾಹ್ಮಣರ ಹುಡುಗ, 1844ರಲ್ಲಿ ಮನೆಯವರಿಗೆ ಬೇಡವಾದರೂ ಕ್ರೈಸ್ತನಾದ. ವಯಸ್ಸು ಹದಿನೆಂಟರ ಆಸುಪಾಸು. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದ. ಸಂಡೇ ಸ್ಕೂಲಿನಲ್ಲಿ ನಾವು ಇಂಥ ಕಥೆ ಕೇಳುತ್ತ ಬೆಳೆದೆವು. ಆ ಹುಡುಗರ ತಂದೆತಾಯಿ ಆ ರಾತ್ರಿಯನ್ನು ಹೇಗೆ ಕಳೆದರು ಎಂದು ಯಾರೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಹುಡುಗ ಮನೆಗೆ ಬರಲಿಲ್ಲ.

ಆರಾಯಿತು, ಏಳಾಯಿತು. ಮಗ ಗೆಳೆಯರ ಮನೆಗಳಿಗೆ ಹೋದ. ನಾನು ಬಸ್ ಸ್ಟ್ಯಾಂಡಿಗೆ ಹೋದೆ, ಅಲ್ಲಿಂದ ಕಾಲಕಾಲೇಶ್ವರ ಗುಡ್ಡದ ಕಡೆ ಒಬ್ಬರ ಬೈಕಿನ ಹಿಂದೆ ಕೂತು ಹೋದೆ. ರಜೆಯ ದಿನ ಹುಡುಗರು ಅಲ್ಲಿಗೆ ಹೋಗುವುದು ಗೊತ್ತಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತಿದ್ದವು, ಬೇರೆ ಯಾರೂ ಇಲ್ಲ. ಹುಡುಗನಿಗೆ ಫೋನ್ ಮಾಡೋಣವೆಂದರೆ ಅವನ ಫೋನು ನಮ್ಮ ತಿಜೋರಿಯಲ್ಲಿ, ಬೀಗದ ಕೈ ನನ್ನ ಜೇಬಿನಲ್ಲಿ. ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ನನಗೆ ನಾನೇ ಅಷ್ಟು ಪೆದ್ದನಾಗಿ ಕಂಡದ್ದು ಅದೇ ಮೊದಲು.

ಯೇಸುವಿನ ಹದಿಹರೆಯದ ಹೊಸ್ತಿಲಿನ ಬಗ್ಗೆ ಸುವಾರ್ತೆಗಳಲ್ಲಿ ಇರುವುದು ಒಂದೇ ಕಥೆ, ಲೂಕನು ಬರೆದದ್ದು. ಹನ್ನೆರಡು ವರ್ಷದ ಹುಡುಗನನ್ನು ಕರೆದುಕೊಂಡು ಯೆರೂಸಲೇಮಿನ ಹಬ್ಬಕ್ಕೆ ಹೋದ ತಂದೆತಾಯಿ, ಮಗ ಜೊತೆಯವರ ಗುಂಪಿನಲ್ಲಿ ಇದ್ದಾನೆಂದುಕೊಂಡು ಒಂದು ದಿನದ ದಾರಿ ನಡೆದುಬಿಡುತ್ತಾರೆ. ಆಮೇಲೆ ಹಿಂದಿರುಗಿ ಹುಡುಕಿ ಹುಡುಕಿ, ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಗುತ್ತಾನೆ. ಪಂಡಿತರ ನಡುವೆ ಕೂತು ಕೇಳುತ್ತಿದ್ದನಂತೆ, ಪ್ರಶ್ನೆ ಹಾಕುತ್ತಿದ್ದನಂತೆ. ಬೈಕಿನ ಹಿಂದೆ ಕೂತು ಮರಳುವಾಗ ನನ್ನನ್ನು ಕಾಡಿದ್ದು ಆ ಒಂದು ದಿನದ ದಾರಿ. ನಾವು ಎಷ್ಟು ದಿನದಿಂದ ಅವನು ಜೊತೆಯಲ್ಲಿದ್ದಾನೆ ಅಂದುಕೊಂಡು ನಡೆದಿದ್ದೆವೋ!

ಒಂಬತ್ತಕ್ಕೆ ನರಗುಂದದಿಂದ ಮಗಳ ಫೋನು. "ಅಪ್ಪಾ, ಇಲ್ಲಿ ಅದಾನ. ಬಸ್ ಹತ್ತಿ ರೋಣಕ್ಕ ಬಂದು, ಅಲ್ಲಿಂದ ಇಲ್ಲಿಗೆ ಬಂದಾನ. ಉಂಡು ಮಲಗ್ಯಾನ. ಈಗ ಎಬ್ಬಿಸಿ ಏನೂ ಕೇಳಬ್ಯಾಡ್ರಿ."

ನಮ್ಮಾಕೆ ಅವನ ತಾಟು ಮುಚ್ಚಿಟ್ಟಿದ್ದಳು. ಅವನು ಅತ್ತೆಯ ಮನೆಯಲ್ಲಿ ಉಂಡನಂತೆ ಎಂದರೂ ತೆಗೆಯಲಿಲ್ಲ. ಬೆಳಗಿನ ತನಕ ಅದು ಅಲ್ಲೇ ಇತ್ತು.

ಬೆಳಿಗ್ಗೆ ಮೊದಲ ಬಸ್ ಹಿಡಿದೆ. ಮಗ ಬರುತ್ತೇನೆಂದ, ಬೇಡ ಅಂದೆ. ಕಡಲೆ ಕಿತ್ತ ಎರಿ ಹೊಲಗಳು ಬೋಳಾಗಿ ಬಿದ್ದಿದ್ದವು. ರೋಣದಲ್ಲಿ ಇಳಿದು ನರಗುಂದದ ಬಸ್ಸಿಗೆ ಕಾಯುವಾಗ ನೆನಪಾದದ್ದು ಆ ಊರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಇನ್ನೊಬ್ಬ ಹುಡುಗ. ಮಕ್ಕಳೇ, ಭೀಮಸೇನ ಜೋಶಿಯವರೂ ಮನೆ ಬಿಟ್ಟು ಓಡಿದವರು! ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು, ಕೈಯಲ್ಲಿ ಕಾಸಿಲ್ಲದೆ, ರೈಲು ಹತ್ತಿ ಉತ್ತರಕ್ಕೆ ಹೋದರು. ಅವರ ತಂದೆಯೂ ಮಾಸ್ತರರೇ. ಚಿಕ್ಕವನಿದ್ದಾಗ ಬಾಜಾ ಬಜಂತ್ರಿಯ ಹಿಂದೆ ಹೋಗಿ ಕಂಡಲ್ಲಿ ಮಲಗಿಬಿಡುವ ಮಗನ ಅಂಗಿಯ ಮೇಲೆ, ಸಿಕ್ಕವರು ಮನೆ ಮುಟ್ಟಿಸಲೆಂದು, ಜೋಶಿ ಮಾಸ್ತರರ ಮಗ ಎಂದು ಬರೆದಿದ್ದರಂತೆ. ಕೊನೆಗೆ ಪಂಜಾಬಿನ ಜಾಲಂಧರದಲ್ಲಿ ಮಗನನ್ನು ಪತ್ತೆ ಹಚ್ಚಿ ಕರೆತಂದ ಆ ತಂದೆ, ಹಾಡು ಬಿಡು ಅನ್ನಲಿಲ್ಲ. ಮುಂದೆ ಹುಡುಗ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತ.

ಬಸ್ಸು ಬಂತು, ಸೀಟೂ ಸಿಕ್ಕಿತು. ಹುಡುಗನನ್ನು ಕಂಡ ಕೂಡಲೇ ಮೊದಲ ಮಾತು ಏನಾಡಬೇಕು? ಅದೇ ಚಿಂತೆ. ಬೈಗುಳ ಸಾಲುಸಾಲಾಗಿ ತಯಾರಿದ್ದವು. ಆಗ ಎಂದೋ ಓದಿದ ಇನ್ನೊಬ್ಬ ಅಜ್ಜನ ಸಂಗತಿ ಕೈಹಿಡಿಯಿತು. ಅವರ ಹೆಸರು ಹರ್ಮನ್ ಗುಂಡರ್ಟ್. ಬಾಸೆಲ್ ಮಿಶನ್ನಿನವರು, ತಲಶ್ಶೇರಿಯಲ್ಲಿದ್ದವರು. ನಮಗೆ ಕಿಟೆಲ್ ಇದ್ದಂತೆ ಮಲಯಾಳಿಗಳಿಗೆ ಗುಂಡರ್ಟ್. 1872ರಲ್ಲಿ ಮಲಯಾಳ ನಿಘಂಟು ಕೊಟ್ಟರು. ಅವರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದವಳು. ಆಗಿನ ಮಿಶನರಿಗಳು ತಮ್ಮ ಸಣ್ಣ ಮಕ್ಕಳನ್ನು ಯುರೋಪಿನಲ್ಲಿ ಬಿಟ್ಟು ಬರುತ್ತಿದ್ದರು. ಮೇರಿಯೂ ಹಾಗೆ ಅಪ್ಪ ಅಮ್ಮನಿಲ್ಲದೆ ಬೆಳೆದು, ಹದಿಹರೆಯದಲ್ಲಿ ಮತ್ತೆ ಇಲ್ಲಿಗೆ ಬಂದಳು. ಬೇರೆಯವರ ಮಕ್ಕಳಿಗೆ ಕಲಿಸಲು ಬಂದವರು ತಮ್ಮ ಮಕ್ಕಳನ್ನು ಕಡಲಾಚೆ ಬಿಡಬೇಕಾಯಿತು ಎಂಬುದು ನನಗೆ ಇಂದಿಗೂ ಗಂಟಲಲ್ಲಿ ಇಳಿಯದ ತುತ್ತು. ಅದಿರಲಿ. ಮೇರಿ ಮುಂದೆ ಮಂಗಳೂರಿನಲ್ಲಿ ಕೆಲವು ವರ್ಷ ಮಿಶನರಿಯಾಗಿದ್ದ ಯೋಹಾನೆಸ್ ಹೆಸ್ಸೆಯನ್ನು ಮದುವೆಯಾದಳು. ಅವರ ಮಗನೇ 1946ರಲ್ಲಿ ನೊಬೆಲ್ ಪಡೆದ ಲೇಖಕ ಹರ್ಮನ್ ಹೆಸ್ಸೆ.

ಈ ಹುಡುಗನನ್ನು ಪಾದ್ರಿ ಮಾಡಬೇಕೆಂದು ಜರ್ಮನಿಯ ಮೌಲ್‌ಬ್ರಾನ್ ಎಂಬಲ್ಲಿಯ ಶಾಲೆಗೆ ಸೇರಿಸಿದರು. 1892ರ ಮಾರ್ಚಿನಲ್ಲಿ, ಹದಿನಾಲ್ಕು ವರ್ಷದವನು, ಅಲ್ಲಿಂದ ಓಡಿಹೋದ. ಚಳಿಯಲ್ಲಿ ಒಂದು ರಾತ್ರಿ ಹೊರಗೆ ಕಳೆದು ಸಿಕ್ಕಿಬಿದ್ದ. ತಂದೆತಾಯಿಗೆ ದಿಕ್ಕು ತೋಚಲಿಲ್ಲ. ಮಗನಿಗೆ ಏನೋ ಆಗಿದೆಯೆಂದು ಅಲ್ಲಿ ಇಲ್ಲಿ ಕಳಿಸಿದರು. ಅವನು ಅಪ್ಪನಿಗೆ ಉರಿಯುವ ಪತ್ರ ಬರೆದ. ಇಷ್ಟರ ನಡುವೆ ಒಂದು ದಿನ ಅವನು ನಡುಗುತ್ತ ಅಜ್ಜನ ಕೋಣೆಗೆ ಹೋಗಬೇಕಾಯಿತು. ಗಡ್ಡದ ಅಜ್ಜ ಪುಸ್ತಕಗಳ ನಡುವಿನಿಂದ ತಲೆ ಎತ್ತಿ, ಬೈಯದೆ, ನೀನೊಂದು ಸಣ್ಣ ಪ್ರವಾಸ ಮಾಡಿ ಬಂದೆಯಂತಲ್ಲ ಎಂಬ ಅರ್ಥದ ಒಂದು ತಮಾಷೆಯ ಮಾತು ಕೇಳಿದರಂತೆ. ಅಷ್ಟೇ. ಮುದುಕನಾಗುವವರೆಗೂ ಹೆಸ್ಸೆಗೆ ಆ ಮಾತು ಮರೆಯಲಿಲ್ಲ.

ನರಗುಂದದಲ್ಲಿ ಮಗಳು ಬಾಗಿಲಲ್ಲೇ ಬೆರಳು ಚಾಚಿ ಗುಡ್ಡದ ಕಡೆ ತೋರಿಸಿದಳು. 1858ರಲ್ಲಿ ಬಾಬಾಸಾಹೇಬರು ಇಂಗ್ಲಿಷರ ವಿರುದ್ಧ ನಿಂತ ಕೋಟೆಯ ಗುಡ್ಡ ಅದು. ಅದರ ಬುಡದಲ್ಲಿ ಒಂದು ಬಂಡೆಯ ಮೇಲೆ ಹುಡುಗ ಕೂತಿದ್ದ. ನನ್ನ ಮೊಣಕಾಲು ಅಲ್ಲಿಗೆ ಮುಟ್ಟುವಷ್ಟರಲ್ಲಿ ಏದುಸಿರು.

"ಸವಾರಿ ಹೆಂಗಾತಪಾ? ಕಿಡಕಿ ಸೀಟು ಸಿಕ್ಕಿತ್ತೇನು?" ಅಂದೆ.

ಕಣ್ಣು ಕಿರಿದು ಮಾಡಿ ನೋಡಿದ. "ಇಲ್ಲ. ರೋಣದ ತನಕ ನಿಂತ ಬಂದೆ."

ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೆಳಗೆ ಯಾರದೋ ಟ್ರ್ಯಾಕ್ಟರ್ ಹೋಯಿತು. ಅದರ ಸದ್ದು ನಿಂತ ಮೇಲೆ ಕೇಳಿದ:

"ಅಜ್ಜಾ, ಕಾಕಾ ನರಕಕ್ಕ ಹೋಗ್ಯಾರೇನು?"

ಯಾವ ಕಾಕಾ ಎಂದು ಕೇಳಬೇಕಾಗಿರಲಿಲ್ಲ. ಅವನ ಜೀವದ ಗೆಳೆಯನ ಅಪ್ಪ. ನಮ್ಮ ಓಣಿಯವರೇ, ಒಕ್ಕಲುತನದವರು. ಮಳೆ ಬಂದರೆ ಓಣಿಯ ಮಕ್ಕಳನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಶಾಲೆಗೆ ಮುಟ್ಟಿಸುತ್ತಿದ್ದವರು. ಆ ಜನವರಿಯಲ್ಲಿ ಕಡಲೆ ರಾಶಿಯ ದಿನ ಎದೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅದಾದ ಮೇಲೆ ನಮ್ಮ ಎರಡನೇ ಭಾನುವಾರದ ಕೂಟಕ್ಕೆ ಹೊರಗಿನಿಂದ ಒಬ್ಬರು ಮಾತಾಡಲು ಬಂದಿದ್ದರು. ದೊಡ್ಡ ದನಿಯವರು. ನಂಬದೆ ಸತ್ತವರೆಲ್ಲ ಎಲ್ಲಿಗೆ ಹೋಗುತ್ತಾರೆಂದು ವಿಳಾಸ ಸಮೇತ ಹೇಳಿ ಹೋಗಿದ್ದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ತಲೆಯಾಡಿಸಿದ್ದೆ. ನಿಜ ಹೇಳಬೇಕೆಂದರೆ ಅರ್ಧ ತೂಕಡಿಸಿದ್ದೆ.

ಮಾಸ್ತರಿಕೆ ಮಾಡಿದವರಿಗೆ "ಗೊತ್ತಿಲ್ಲ" ಅನ್ನುವುದು ಪಿಂಚಣಿ ಬಂದ ಮೇಲೂ ಕಷ್ಟ. ಆದರೂ ಅಂದೆ. "ಗೊತ್ತಿಲ್ಲ ತಮ್ಮಾ. ಆ ತೀರ್ಪು ಬರಿಯೋ ಪೆನ್ನು ನನ್ನ ಕೈಯಾಗ ಕೊಟ್ಟಿಲ್ಲ. ಅವತ್ತ ಮಾತಾಡಿದವರ ಕೈಯಾಗೂ ಕೊಟ್ಟಿಲ್ಲ. ಆದ್ರ ಕಾಕಾನ ಮ್ಯಾಲ ನಿನಗಿರೋ ಪ್ರೀತಿಗಿಂತ ದೇವರ ಪ್ರೀತಿ ಕಡಿಮಿ ಅಂತ ನಾ ನಂಬೂದಿಲ್ಲ. ಅವರ ಮನಿ ರೊಟ್ಟಿ ನಾನೂ ಉಂಡೇನಿ."

ಹುಡುಗ ಮೊಣಕಾಲ ನಡುವೆ ತಲೆ ಹುದುಗಿಸಿ ಅತ್ತ. ಸಾವಿನ ಮನೆಯಲ್ಲಿ ಅತ್ತಿರಲಿಲ್ಲ, ಈಗ ಅತ್ತ.

"ಇದನ್ನ ಅವತ್ತ ಯಾಕ ಕೇಳಲಿಲ್ಲ?"

"ಕೇಳಾಕ ಎದ್ದು ನಿಂತಿದ್ದೆ. ದೊಡ್ಡವರು ಮಾತಾಡೂಮುಂದ ಬಾಯಿ ಹಾಕಬ್ಯಾಡ, ಕೂಡು ಅಂದ್ರು."

"ಯಾರು?"

"ನೀನ, ಅಜ್ಜಾ."

ತೂಕಡಿಕೆಯಲ್ಲಿ ಆಡಿದ ಮಾತು ನನಗೆ ನೆನಪೇ ಇರಲಿಲ್ಲ.

ಮಧ್ಯಾಹ್ನ ಮಗಳು ಬಡಿಸಿದ ರೊಟ್ಟಿ, ಪುಂಡಿಪಲ್ಯ ಉಂಡು ಇಬ್ಬರೂ ಬಸ್ ಹತ್ತಿದೆವು. ಕಿಡಕಿ ಸೀಟು ಅವನಿಗೆ. ಮನೆಗೆ ಬಂದು ತಿಜೋರಿ ತೆಗೆದು ಮೊಬೈಲು ಕೊಟ್ಟೆ. ಆ ವರ್ಷ ಕನ್ಫರ್ಮೇಶನ್ ಬೇಡವೆಂದೂ, ಅವನೇ ಬಂದು ಕೇಳುವ ತನಕ ಯಾರೂ ಆ ಸುದ್ದಿ ಎತ್ತಬಾರದೆಂದೂ ಪಾಸ್ಟರ್ ಹೇಳಿದರು. ನನ್ನ ಅರ್ಧ ವಯಸ್ಸಿನವರು ಅವರು, ನನಗೆ ಮೊದಲು ಸಿಟ್ಟು ಬಂತು. ಸೊಸೆ ಅಂತೂ ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ತನ್ನ ತವರಿಗೆ ಏನು ಹೇಳುವುದೆಂಬ ಚಿಂತೆ. ತಾಯಿಯ ಕಷ್ಟ ಸಣ್ಣದಲ್ಲ. ಮಗ ದಾರಿ ತಪ್ಪಿದರೆ ಊರೆಲ್ಲ ಮೊದಲು ನೋಡುವುದು ಅವಳ ಕಡೆಗೇ.

ಆಮೇಲೆ ನಮ್ಮ ಕೂಟ ಸ್ವಲ್ಪ ಬದಲಾಯಿತು. ಪಡಸಾಲೆಯ ಬಾಗಿಲಲ್ಲಿ ಒಂದು ಖಾಲಿ ಬಿಸ್ಕೀಟು ಡಬ್ಬಿ. ಮಕ್ಕಳು ಹೆಸರು ಬರೆಯದೆ ಚೀಟಿ ಹಾಕಬೇಕು. ಮೊದಲ ಅರ್ಧ ತಾಸು ಆ ಚೀಟಿಗಳದ್ದೇ. ಅಷ್ಟು ಹೊತ್ತು ಹಿರಿಯರು ಕೇಳಿದರೆ ಮಾತ್ರ ಮಾತಾಡಬೇಕು. ನನ್ನಂಥವನಿಗೆ ಇದು ಉಪವಾಸಕ್ಕಿಂತ ಕಠಿಣ.

ಗೆಳೆಯರ ಮನೆಯ ಗಣಪತಿ ಪ್ರಸಾದ ತಿನ್ನಬಹುದೇ ಎಂಬುದು ಮೊದಲ ಚೀಟಿ. ಬರುವುದೇ ಅಂದುಕೊಂಡಿದ್ದೆವು. ಇದೇ ತಕರಾರು ಸಂತ ಪೌಲನ ಕಾಲದ ಕೊರಿಂಥದಲ್ಲೂ ಇತ್ತು ಎಂದು ಪಾಸ್ಟರ್ ಅವನ ಪತ್ರ ತೆಗೆದು ಓದಿದರು. ಮಕ್ಕಳು ಒಂದು ತಾಸು ವಾದ ಮಾಡಿದರು. ನಾನು ತಿನ್ನುತ್ತೇನೆ, ನಮ್ಮಾಕೆ ಕೈಮುಗಿದು ಬೇಡ ಅನ್ನುತ್ತಾಳೆ, ನಲವತ್ತಾರು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ ಎಂದು ಕೇಳಿದವರಿಗೆ ಹೇಳಿದೆ. ಇನ್ನೊಂದು ಚೀಟಿಯಲ್ಲಿ, "ಅಪ್ಪ ದಿನಾ ಕುಡೀತಾರ, ಆರಾಧನಿಗೆ ಮಾತ್ರ ಮುಂದಿನ ಸಾಲಿನ್ಯಾಗ ಕೂಡ್ತಾರ, ಯಾಕ?" ಎಂದಿತ್ತು. ಅದನ್ನು ಓದಿದಾಗ ಯಾರೂ ತಲೆ ಎತ್ತಲಿಲ್ಲ. ಅಲ್ಲಿ ಉತ್ತರ ಕೊಡಲಿಲ್ಲ. ಪಾಸ್ಟರ್ ಆ ಸಂಜೆ ಗದಗಿನ ಬಸ್ ಹತ್ತದೆ ಉಳಿದುಕೊಂಡರು. ಅದರ ಬಗ್ಗೆ ಇಷ್ಟು ಸಾಕು.

ಚೀಟಿ ಮುಗಿದ ಮೇಲೆ ದೊಡ್ಡ ಮಕ್ಕಳು ಓಣಿಯ ಚಿಕ್ಕವರಿಗೆ ಮಗ್ಗಿ, ಇಂಗ್ಲಿಷ್ ಓದು ಹೇಳಿಕೊಡುತ್ತ ಕಟ್ಟೆಯ ಮೇಲೆ ಕೂಡುತ್ತಾರೆ. ಯಾರ ಮನೆಯ ಮಕ್ಕಳಾದರೂ ಸರಿ. ಹೊಸದೇನಲ್ಲ ಇದು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವನು ಸಂಡೇ ಸ್ಕೂಲ್ ತೆರೆದದ್ದು ವಾರದ ಆರು ದಿನ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸಲೆಂದೇ. ತಂದೆ ಕಳೆದುಕೊಂಡ ಆ ಗೆಳೆಯನ ತಂಗಿಗೆ ಭಾಗಾಕಾರ ಹಿಡಿಯುವುದೇ ಇಲ್ಲ. ಗಜೇಂದ್ರಗಡದಲ್ಲಿ ದಿನಾ ಸಂಜೆ ಅವಳಿಗೆ ಕಲಿಸುವ ಕೆಲಸ ನಮ್ಮ ಹುಡುಗನದು.

ರೋಣದ ಅಜ್ಜಿಯವರೇ, ನಮ್ಮ ಮನೆಯಲ್ಲಿ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ರಾತ್ರಿ ಎಂಟಕ್ಕೆ ಹುಡುಗ ಕೆಲವು ದಿನ ಚಾಪೆಗೆ ಬರುತ್ತಾನೆ, ಕೆಲವು ದಿನ ಹೊಸ್ತಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಕೂಡುತ್ತಾನೆ, ಕೆಲವು ದಿನ ಎರಡೂ ಇಲ್ಲ. ಕನ್ಫರ್ಮೇಶನ್ ಸುದ್ದಿ ಇನ್ನೂ ಎತ್ತಿಲ್ಲ. ಮೂರು ತಿಂಗಳ ಹಿಂದೆ ಒಂದು ರಾತ್ರಿ ಓದುವ ಪಾಳಿ ನಾನೇ ತೆಗೆದುಕೊಳ್ಳುತ್ತೇನೆ ಅಂದ. ಲೂಕನ ಹದಿನೈದನೆಯ ಅಧ್ಯಾಯ, ಮನೆ ಬಿಟ್ಟು ಹೋದ ಮಗನ ಕಥೆ, ತಂದೆ ಅವನನ್ನು ದೂರದಿಂದಲೇ ಕಂಡು ಓಡುವ ಜಾಗ ಬಂದಾಗ ನಿಲ್ಲಿಸಿ, "ಅಜ್ಜಾ, ನೀ ಓಡಲಿಲ್ಲಲ್ಲ, ನಿನ್ನ ಮೊಣಕಾಲಿಗೆ ಆಗಲಿಲ್ಲ" ಅಂದ. ನಮ್ಮಾಕೆ ಪ್ರಾರ್ಥನೆಯ ನಡುವೆ ನಕ್ಕದ್ದನ್ನು ಅವತ್ತೇ ನೋಡಿದ್ದು.

ಹೋದ ಎರಡನೇ ಭಾನುವಾರ ಹೊತ್ತು ಮೀರಿದ್ದರಿಂದ ಒಂದು ಚೀಟಿ ಉಳಿಯಿತು. ಅದಕ್ಕೆ ಉತ್ತರ ನಾನು ಕೊಡಬೇಕೆಂದು ಪಾಸ್ಟರ್ ಅದನ್ನು ನನ್ನ ಕೈಗಿಟ್ಟರು. ಹೆಸರಿಲ್ಲ. ಆದರೆ ಒಂದನೇ ತರಗತಿಯಲ್ಲಿ ಕೈ ಹಿಡಿದು ತಿದ್ದಿಸಿದ ಅಕ್ಷರ ಗುರುತು ಸಿಗದೇ ಇರುತ್ತದೆಯೇ? "ದೇವರು ನಿಮಗ ಎಂದಾದರೂ ಉತ್ತರ ಕೊಡದ ಸುಮ್ನ ಇದ್ದದ್ದು ಐತೇನು? ಅವಾಗ ಏನ ಮಾಡಿದ್ರಿ?" ಎಂದಿದೆ.

ಇವತ್ತು ಗುರುವಾರ. ಕೂಟಕ್ಕೆ ಇನ್ನು ಮೂರು ದಿನ ಇದೆ. ಚೀಟಿ ಕನ್ನಡಕದ ಡಬ್ಬಿಯಲ್ಲಿದೆ.